ದುರ್ಗೆಯ ತುಟಿ

"ಕೋಣನ ಎದೆಗೆ ಶೂಲ ಚುಚ್ತಾ ನಗೋದಾ ಮಾರಾಯ? ಎಂತ ತಾಯಿ ಇವಳು?" ಎಂದರು ಸುಬ್ಬಮ್ಮ.

ಕೊಪ್ಪದಲ್ಲಿ ಲಾರಿಗಳಿಗೆ ಹೆಸರು ಬರೆಯುವ ವಾಸಪ್ಪನಿಗೆ ತಲೆ ಕೆಟ್ಟುಹೋಯಿತು. ಸೀತೂರಿನ ಭಜನಾ ಮಂದಿರದ ಗೋಡೆಗೆ ಅವನು ಮೊದಲು ಬರೆದದ್ದು ಸಿಟ್ಟಿನ ದುರ್ಗೆಯನ್ನು. ಮಕ್ಕಳು ಹೆದರುತ್ತವೆಂದು ಊರವರು ಅದನ್ನು ಅಳಿಸಿಬಿಟ್ಟರು. ಈಗ ನಗಿಸಿದರೆ, ದಿನಾ ದೀಪ ಹಚ್ಚುವ ಸುಬ್ಬಮ್ಮನೇ ಒಪ್ಪುತ್ತಿಲ್ಲ. ನಾಳೆಯೇ ನವರಾತ್ರಿ.

"ಸಿಟ್ಟೂ ಬೇಡ, ನಗೂ ಬೇಡ ಅಂದ್ರೆ ನಾನೆಂತ ಬರೀಲಿ ಸುಬ್ಬಮ್ಮ? ಮಗಳ ಕಾಲಿಂದ ಮುಳ್ಳು ತೆಗೆಯುವಾಗ ನಿಮ್ಮ ಮುಖ ಹೆಂಗಿರ್ತದೆ, ಅದನ್ನಾದ್ರೂ ಹೇಳಿ."

"ಆಗ ಮುಳ್ಳು ನೋಡ್ತೀನೋ, ಕನ್ನಡಿ ನೋಡ್ತೀನೋ? ಒಳ್ಳೆ ಕೇಳ್ದೆ ನೀನು!"

ಬಾಯಿಲ್ಲದಿದ್ದರೆ ಮುಖ ಹೇಗೆ ಕಂಡೀತೆಂದು ವಾಸಪ್ಪ ದೇವಿಯ ತುಟಿಯನ್ನು ಅಂಗೈಯಿಂದ ಮುಚ್ಚಿ ನೋಡಿದ. ಕಣ್ಣಲ್ಲಿರುವುದು ಸಿಟ್ಟೋ ಪ್ರೀತಿಯೋ ತಿಳಿಯಲಿಲ್ಲ. ಕೈ ತೆಗೆದಾಗ ಹಸಿ ಬಣ್ಣದ ನಗು ಅಂಗೈಗೇ ಬಂದುಬಿಟ್ಟಿತ್ತು.