ಅಮರಯ್ಯನವರ ಏಳಡಿ

ಹೊಸ ಕಾರು ಕೊಂಡವರನ್ನು ಲೋಕವೆಲ್ಲ ಬೆಲೆ ಕೇಳಿದರೆ, ಅಮರಯ್ಯನವರು ಅಗಲ ಕೇಳುತ್ತಿದ್ದರು. ಅದೂ ಬರಿಯ ಬಾಯಿಮಾತಲ್ಲ. ಕೊಟ್ಟ ಪೇಢೆ ಬಾಯಲ್ಲಿ ಕರಗುವ ಮೊದಲೇ ಕಂದು ಸಫಾರಿಯ ಬಲಜೇಬಿನಿಂದ ಉಕ್ಕಿನ ಟೇಪು ಸರ್ರನೆ ಹೊರಬಂದು ಗಾಡಿಯ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಚಾಚಿಕೊಳ್ಳುತ್ತಿತ್ತು. ಅಂಕಿ ಓದಿ, ಸಾವಿನ ಮನೆಗೆ ಮಾತಾಡಿಸಲು ಬಂದವರಂತೆ ತಲೆಯಾಡಿಸಿ, "ದಪ್ಪ ಆಗ್ಯಾವರಿ ಗಾಡಿಗೋಳು, ಭಾಳ ದಪ್ಪ ಆಗ್ಯಾವ" ಎನ್ನುತ್ತಿದ್ದರು. ಅಭಿನಂದನೆ ಏನಿದ್ದರೂ ಆಮೇಲೆ.

ರಾಯಚೂರು ಸೀಮೆಯ ಈ ಮನುಷ್ಯ ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಮೂವತ್ನಾಲ್ಕು ವರ್ಷ ನಕ್ಷೆ ಬರೆದವರು. ನಡೆಯುವಾಗಲೂ ಹಿಮ್ಮಡಿಗೆ ಹೆಬ್ಬೆರಳು ತಾಗಿಸುವಂತೆ ಹೆಜ್ಜೆಯಿಡುತ್ತಿದ್ದುದರಿಂದ, ಇವರು ಹೊರಟದ್ದು ತರಕಾರಿಗೋ ರಸ್ತೆ ಅಳೆಯುವುದಕ್ಕೋ ಎಂಬ ಅನುಮಾನ ನೋಡಿದವರಿಗೆ ಬರುತ್ತಿತ್ತು. "ನಾ ಎಳದ ಗೆರಿಗೆ ಇವತ್ತಿನ ತನಕ ರಬ್ಬರ್ ಮುಟ್ಟಿಲ್ಲ" ಎಂಬುದು ಅವರ ಏಕೈಕ ಅಹಂಕಾರ. ತೊಂಬತ್ತಾರರಲ್ಲಿ ಮೆಹದಿಪಟ್ಟಣಂನಲ್ಲಿ ಆರು ಸಂಸಾರಗಳು ಕೂಡಿ ಅಪಾರ್ಟ್‌ಮೆಂಟು ಕಟ್ಟಿಸಿಕೊಂಡಾಗ ಕಟ್ಟಡದ ನೆರಳಿನಡಿ ಗಾಡಿ ನಿಲ್ಲಿಸುವ ಜಾಗಕ್ಕೆ ಗೆರೆ ಎಳೆಯುವ ಕೆಲಸ ಸಹಜವಾಗಿಯೇ ಅವರ ಪಾಲಿಗೆ ಬಂತು. ಎಲ್ಲಕ್ಕಿಂತ ದೊಡ್ಡದಕ್ಕೆ ಜಾಗ ಮಾಡಿದರೆ ಚಿಕ್ಕವು ತಾವೇ ಹಿಡಿಯುತ್ತವೆ ಎಂಬುದು ಅವರ ನ್ಯಾಯ. ಅವರು ಕಂಡ ಅತಿ ದೊಡ್ಡ ಗಾಡಿಯೆಂದರೆ ಕಾರ್ಖಾನೆಯ ಡೈರೆಕ್ಟರ್ ಸಾಹೇಬರ ವಿದೇಶಿ ಸೆಡಾನು: ಅಗಲ ಸಾವಿರದ ಏಳುನೂರ ನಲವತ್ತು ಮಿಲಿಮೀಟರು, ಅದು ನಿಲ್ಲುತ್ತಿದ್ದ ಶೆಡ್ಡಿನ ಅಗಲ ಏಳಡಿ. ಅದೇ ಏಳಡಿಯನ್ನು ತಂದು ನಲವತ್ತೆರಡು ಅಡಿಯನ್ನು ಆರು ಪಾಲು ಮಾಡಿದರು. ಆಗ ಅಲ್ಲಿ ನಿಲ್ಲುತ್ತಿದ್ದದ್ದು ಸ್ಕೂಟರುಗಳು. ನೆರೆಯವರು ಇಷ್ಟು ಜಾಗದಲ್ಲಿ ಎಮ್ಮೆ ಕಟ್ಟಬಹುದೆಂದು ನಕ್ಕರು. ನಾಲ್ಕು ವರ್ಷಕ್ಕೆ ಕಾರ್ಖಾನೆ ಆ ಸೆಡಾನನ್ನೇ ಹರಾಜಿಗಿಟ್ಟಿತು. ಅಮರಯ್ಯನವರು ಹೆಂಡತಿ ವಿಶಾಲಾಕ್ಷಿಯವರನ್ನೂ ಕೇಳದೆ ಅದನ್ನು ಕೊಂಡು ತಂದು ಆರನೆಯ ಗೆರೆಯೊಳಗೆ ನಿಲ್ಲಿಸಿದರು. ಸೋಮವಾರ ಗುಡಿಗೆ ಹೋಗಿಬರಲು ಬಿಟ್ಟರೆ ಅದು ಕದಲುತ್ತಿರಲಿಲ್ಲ. ತೊಳೆಸಿಕೊಳ್ಳುವುದು ಮಾತ್ರ ದಿನವೂ.

ಅಷ್ಟರಲ್ಲಿ ಮಾದಾಪುರದಲ್ಲಿ ಗಾಜಿನ ಕಚೇರಿಗಳೆದ್ದವು, ಸ್ಕೂಟರುಗಳು ಹೋಗಿ ಕಾರುಗಳು ಬಂದವು. ಮೇಲಿನ ಮನೆಯ ಸಾಫ್ಟ್‌ವೇರ್ ಹುಡುಗ ರಾಹುಲ ತಂದದ್ದು ಚೋಟುದ್ದದ, ಡಿಕ್ಕಿಯೇ ಹಿಂದಕ್ಕೆ ಚಾಚದ ಸಣ್ಣ ಕಾರು. ಟೇಪು ಹಿಡಿದರೆ ಸಾವಿರದ ಏಳುನೂರ ನಲವತ್ತೈದು! ಸಾಹೇಬರ ಗಾಡಿಗಿಂತ ಐದು ಹೆಚ್ಚು! ಆ ದಿನ ಅಮರಯ್ಯನವರಿಗೆ ರೊಟ್ಟಿ ಸೇರಲಿಲ್ಲ. ಮುಂದೆ ಬಂದವು ಎತ್ತರದವು, ಸಾವಿರದ ಒಂಬೈನೂರಕ್ಕೆ ಹತ್ತೇ ಕಡಿಮೆ. ಒಂದು ಕಾಲಕ್ಕೆ ಕಂಡವರೆಲ್ಲ ದಾರಿ ಬಿಡುತ್ತಿದ್ದ ಸೆಡಾನು ಈಗ ಪಂಗ್ತಿಯಲ್ಲಿ ಪೈಲ್ವಾನರ ನಡುವೆ ಸಿಕ್ಕಿಕೊಂಡ ಪುರೋಹಿತರಂತೆ ಕಾಣುತ್ತಿತ್ತು. ಆರು ಪಾಲು ಅಳಿಸಿ ಐದು ಮಾಡೋಣವೆಂದು ಎಲ್ಲರೂ ಹೇಳಿದರು, ಹೇಳುವಾಗ ಎಲ್ಲರ ಕಣ್ಣೂ ವಾರಕ್ಕೊಮ್ಮೆ ಕದಲುವ ಆರನೆಯ ಗಾಡಿಯ ಮೇಲೆಯೇ. "ಗೆರಿ ತಪ್ಪಿಲ್ಲ. ಗಾಡಿ ತಪ್ಪಾಗ್ಯಾವ" ಎಂದು ಅಮರಯ್ಯನವರು ಎದ್ದುಹೋದರು.

ಎರಡು ಸಾವಿರದ ಹದಿನೆಂಟರ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಬಾಲ್ಕನಿಯಿಂದ ಬಗ್ಗಿ ನೋಡಿದರೆ, ರಾಹುಲನ ಹೆಂಡತಿ ರಶ್ಮಿ, ಎಂಟು ತಿಂಗಳ ಬಸುರಿ, ತನ್ನ ಕಾರಿನ ಹಿಂಬಾಗಿಲೆತ್ತಿ ಡಿಕ್ಕಿಯೊಳಗೆ ಮೊಣಕಾಲೂರಿ ಹತ್ತುತ್ತಿದ್ದಳು. ಎರಡೂ ಮಗ್ಗುಲಲ್ಲಿ ಗಾಡಿ, ಬಾಗಿಲು ಗೇಣು ತೆರೆಯುತ್ತಿರಲಿಲ್ಲ, ಡಾಕ್ಟರರ ಹೊತ್ತು ಮೀರುತ್ತಿತ್ತು. ಅಮರಯ್ಯನವರು ಬರಿಗಾಲಲ್ಲಿ ಓಡಿ ಬಂದರು.

"ಅಯ್ಯ ನಮ್ಮವ್ವ, ಏನ್ ಮಾಡಾಕತ್ತೀ?"

"ಮತ್ತೇನ್ ಮಾಡಲ್ರಿ ಅಂಕಲ್? ನಿಮ್ಮ ಗೆರಿ ಒಳಗ ಗಾಡಿ ಹಿಡೀತೈತಿ, ನಾ ಹಿಡಿಯಂಗಿಲ್ಲ."

ಅವಳನ್ನು ಆಟೋದಲ್ಲಿ ಕಳಿಸಿ, ತಾವು ಬಸ್ಸು ಹಿಡಿದು ನೇರ ಉಪ್ಪಲ್‌ಗೆ, ಸಾಹೇಬರ ಹಳೆಯ ಡ್ರೈವರ್ ಬೂದೆಪ್ಪನ ಮನೆಗೆ ಹೋದರು. ಆ ಏಳಡಿ ಶೆಡ್ಡಿನಲ್ಲಿ ಸಾಹೇಬರು ಹೇಗೆ ಇಳಿಯುತ್ತಿದ್ದರು ಎಂದು ಕೇಳಿದ್ದಕ್ಕೆ ಬೂದೆಪ್ಪ ಕೆಮ್ಮು ಬರುವಷ್ಟು ನಕ್ಕ. "ಸಾಹೇಬ್ರು ಶೆಡ್ಡಿಗೆ ಯಾವಾಗ ಬಂದಾರ್ರಿ? ಅವರು ಆಫೀಸಿನ ಮೆಟ್ಟಿಲಿಗೇ ಇಳೀತಿದ್ರು. ನಾ ಒಬ್ಬನ, ಕಡ್ಡಿಯಂಗಿದ್ದೆ, ಹೊಟ್ಟಿ ಒಳಗ ಎಳಕೊಂಡು ಹೊರಗ ಬೀಳ್ತಿದ್ದೆ."

ಅಮರಯ್ಯನವರು ಚಹಾ ಮುಟ್ಟದೆ ಕೂತರು. ಗಾಡಿಗಳು ಬೆಳೆದದ್ದು ನಿಜ. ಆದರೆ ತಾವು ಅಳೆದು ತಂದದ್ದು ಯಾರೂ ಇಳಿಯದ, ಯಾರೂ ಹತ್ತದ ಗಾಡಿಯ ಜಾಗ. ಮನುಷ್ಯರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ನಾಚಿಕೆಯಾಯಿತು ಅವರಿಗೆ, ಬಹಳ ನಾಚಿಕೆಯಾಯಿತು.

ಭಾನುವಾರದ ಸಭೆಯಲ್ಲಿ ಬೇರೆಯವರು ಬಾಯಿ ತೆರೆಯುವ ಮೊದಲೇ, "ಗೆರಿ ತಪ್ಪೈತಿ. ಐದ ಮಾಡೂಣು. ಹೊರಗ ಹೋಗೂದು ನಂದು" ಎಂದರು. ಸೆಡಾನನ್ನು ಸಿನಿಮಾದವರಿಗೆ ಹಳೆಯ ಗಾಡಿ ಒದಗಿಸುವವನೊಬ್ಬ ಒಯ್ಯಲು ಒಪ್ಪಿದ. ಹಳೆಯ ಬಣ್ಣವನ್ನು ಕೆರೆದು, ಎಂಟಡಿ ನಾಲ್ಕೂಮುಕ್ಕಾಲು ಇಂಚಿಗೊಂದರಂತೆ ಹೊಸ ಗೆರೆಗಳನ್ನು ಅಮರಯ್ಯನವರೇ ಮೊಣಕಾಲೂರಿ ಎಳೆದರು. ಬಣ್ಣ ಒಣಗಿದ ಮೇಲೆ, ಒಯ್ಯುವವನು ಬರುವ ಮುನ್ನ, ಸೆಡಾನನ್ನು ಒಮ್ಮೆ ಹೊಸ ಗೆರೆಯೊಳಗೆ ನಿಲ್ಲಿಸಿ ಎಡಬಾಗಿಲನ್ನು ಪೂರಾ ತೆರೆದು ನೋಡಿದರು. ಅಳತೆ ಸರಿಯಿತ್ತು. ವಿಶಾಲಾಕ್ಷಿಯವರು ಕೆಳಗಿಳಿದು ಬಂದು, ಸೆರಗು ಸಾವರಿಸಿಕೊಂಡು ಒಳಗೆ ಕೂತರು, ಇಳಿದರು, ಮತ್ತೆ ಕೂತರು.

"ಹದಿನೆಂಟು ವರ್ಷದಾಗ ಇವತ್ತ ಮೊದಲ ನೋಡ್ರಿ," ಎಂದರು, "ನಾ ನೆರಳಿನ್ಯಾಗ ಗಾಡಿ ಹತ್ತಿದ್ದು."

ಪ್ರತಿ ಸೋಮವಾರ ಗೇಟಿನ ಹೊರಗೆ, ತಲೆಯ ಮೇಲೆ ಸೆರಗು ಹೊದ್ದು, ಗಂಡ ಗಾಡಿ ಹೊರತೆಗೆಯುವ ತನಕ ಬಿಸಿಲಲ್ಲಿ ನಿಂತಿರುತ್ತಿದ್ದರು ಆಕೆ. ಅಮರಯ್ಯನವರು ಆಗೆಲ್ಲ ಕನ್ನಡಿಯಲ್ಲಿ ನೋಡುತ್ತಿದ್ದದ್ದು ಗೆರೆಯನ್ನು.

ಲೋಕ ದಪ್ಪವಾಯಿತೆಂದು ದೂರುವವರು ಓಣಿಗೆ ಹತ್ತು ಮಂದಿ ಸಿಗುತ್ತಾರೆ. ತಾವೆಳೆದ ಗೆರೆಯನ್ನು ತಾವೇ ಕೆರೆದು ತೆಗೆಯುವವರು ಊರಿಗೊಬ್ಬರು ಸಿಕ್ಕರೆ ಪುಣ್ಯ. ಆದರೆ ಆ ಕುಲದವರೂ ಊರವರಿಗೆಲ್ಲ ಜಾಗ ಅಳೆದುಕೊಟ್ಟ ಮೇಲೆಯೇ ನೋಡುತ್ತಾರೆ, ತಮ್ಮ ಮನೆಯಾಕೆ ಇಷ್ಟು ದಿನ ಎಲ್ಲಿ ನಿಂತಿದ್ದಳೆಂದು.