ಮದುವೆಗೆ ಕಡಿದ ಬೇಲಿ

“ಹೋದ ಸಲ ಬಂದಾಗ ಇಲ್ಲಿ ಆಳೆತ್ತರ ಕಳ್ಳಿ ಬೇಲಿ ಇತ್ತಲ್ಲ, ಏನಾಯ್ತು?” ಎಂದು ಓವರ್‌ಸಿಯರ್ ಅಳತೆ ಸರಪಳಿಯ ತುದಿಯನ್ನು ನೆಲಕ್ಕೆ ಬಿಟ್ಟು ಕೇಳಿದ.

ಮುನಿತಾಯಮ್ಮ ಕೊಟ್ಟಿಗೆ ಬಾಗಿಲಲ್ಲಿ ನಿಂತು ಸೆಗಣಿ ಕೈಯನ್ನು ಹುಲ್ಲಿಗೆ ಒರೆಸಿಕೊಳ್ಳುತ್ತಿದ್ದಳು. ಸರ್ಕಾರದ ಮನುಷ್ಯ ತನ್ನ ಬೇಲಿಯನ್ನು ನೆನಪಿಟ್ಟುಕೊಂಡಿದ್ದಾನಲ್ಲ ಎಂದು ಅವಳಿಗೆ ಖುಷಿಯೇ ಆಯಿತು.

“ನಾನೇ ಕಡ್ದಾಕ್ದೆ ಸ್ವಾಮಿ. ನಮ್ ಪ್ರಭಾನ್ ಮದ್ವೆ ಚಪ್ರಕ್ಕೆ ಜಾಗ ಸಾಲ್ದೆ ಬಂತು. ಬೇರ್ ಸಮೇತ ಕಿತ್ತು, ನೆಲ ಸಮ ಮಾಡಿ, ಸಗಣಿ ಸಾರ್ಸಿ ಕೊಟ್ಟೆ. ಜನ ಊಟಕ್ ಕೂರ್ಬೇಕಲ್ಲ?”

“ಯಾರೂ ಬಲವಂತ ಮಾಡ್ಲಿಲ್ವಾ?”

“ಅಯ್ಯೋ, ಬಲವಂತ ಯಾಕೆ? ಆ ಮಗೀಗೆ ದೊಡ್ಡಮ್ಮ ನಾನು.”

ಓವರ್‌ಸಿಯರ್ ತಲೆಯಾಡಿಸಿ ಆಳುಗಳಿಗೆ ಸನ್ನೆ ಮಾಡಿದ. ಸರಪಳಿ ಹಳೇ ಬೇಲಿಯ ಸಾಲನ್ನು ದಾಟಿ ಅವಳ ಅಂಗಳಕ್ಕೆ ಬಂತು. ಇನ್ನೂ ಬಂತು. ಕೊಟ್ಟಿಗೆ ಬಾಗಿಲಿಗೆ ಒಂದು ಮೊಳ ಉಳಿದಿದೆ ಅನ್ನುವಾಗ ನಿಂತಿತು. ಆಳು ಅಲ್ಲೊಂದು ಗೂಟ ಹೊಡೆದ.

ರಾಜಾಜಿನಗರದ ಬಡಾವಣೆ ಬಂದು ಊರಿನ ಹೊಲಗದ್ದೆಯನ್ನೆಲ್ಲ ನುಂಗಿದಾಗ ಮುನಿತಾಯಮ್ಮನಿಗೆ ಉಳಿದದ್ದು ಒಂದು ಹೆಂಚಿನ ಮನೆ, ಎರಡು ಎಮ್ಮೆಯ ಕೊಟ್ಟಿಗೆ, ಅವು ರಸ್ತೆಗೆ ಹೋಗಿ ಬರಲು ಒಂದು ಪಟ್ಟಿ ಅಂಗಳ. ಗಂಡ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಹಾಲು ಮಾರಿ ಬದುಕುತ್ತಿದ್ದಳು. ಅಂಗಳದ ಆಚೆಗಿನ ಸೈಟು ಮಿಲ್ಲಿನಲ್ಲಿ ಗುಮಾಸ್ತರಾಗಿದ್ದ ಗಂಗಾಧರಯ್ಯನವರಿಗೆ ಸಿಕ್ಕಿತು. ಹೊಸ ಬಡಾವಣೆ, ಹೊಸ ಕಾನೂನು. ರಸ್ತೆ ಕಡೆಗೆ ಮುಳ್ಳು ಹಾಕಬಾರದು, ಗೋಡೆ ಎದೆಮಟ್ಟ ಮೀರಬಾರದು, ಏನು ಕಟ್ಟುವುದಿದ್ದರೂ ಆಫೀಸಿನಿಂದ ಲೈಸೆನ್ಸ್ ಬೇಕು. “ಬೇಲಿ ಹಾಕೋಕೂ ಅಪ್ಪಣೆ ಬೇಕಂತೆ ಕಣ್ರೋ, ನಾಳೆ ಉಚ್ಚೆ ಹುಯ್ಯಕ್ಕೂ ಅರ್ಜಿ ಗುಜರಾಯಿಸ್ಬೇಕು” ಎಂದು ಊರಿನವರು ಬಿದ್ದು ಬಿದ್ದು ನಕ್ಕಿದ್ದರು. ನಕ್ಕವರಲ್ಲಿ ಮುನಿತಾಯಮ್ಮನೂ ಒಬ್ಬಳು. ಅವಳ ಕಳ್ಳಿ ಬೇಲಿ ಮಾವನ ಕಾಲದ್ದು. ಅದಕ್ಕೆ ಯಾರ ಲೈಸೆನ್ಸ್ ಬೇಕಿತ್ತು?

ಗುಮಾಸ್ತರ ಹೆಂಡತಿ ಅಂಜನಮ್ಮ ಬಂದ ಹೊಸದರಲ್ಲೇ ‘ಅಕ್ಕಾ’ ಅಂದಳು. ಲಂಗ ಉಡುತ್ತಿದ್ದ ಮಗಳು ಪ್ರಭಾ ‘ದೊಡ್ಡಮ್ಮ’ ಅಂದಳು. ಆ ಹುಡುಗಿ ಸೀರೆ ಉಡುವಷ್ಟು ಬೆಳೆದದ್ದೇ ಮುನಿತಾಯಮ್ಮನ ಎಮ್ಮೆ ಹಾಲಿನಲ್ಲಿ.

ಈ ಸಲದ ಯುಗಾದಿಗೆ ಅಂಜನಮ್ಮ ಬೇವುಬೆಲ್ಲ ಹಿಡಿದುಕೊಂಡು ಬಂದು, ಕೊಟ್ಟಿಗೆಯಲ್ಲೇ ಕುಕ್ಕರುಗಾಲಲ್ಲಿ ಕೂತಳು. “ಪ್ರಭಾಗೆ ಗಂಡು ಗೊತ್ತಾಯ್ತಕ್ಕಾ. ಛತ್ರ ಮಾಡೋ ತಾಕತ್ತು ಇವರಿಗೆಲ್ಲಿದೆ ಹೇಳು. ಮನೆ ಮುಂದೇನೇ ಚಪ್ಪರ ಹಾಕೋಣ ಅಂದ್ರೆ ಈ ಬೇಲಿ...” ಅಷ್ಟೇ ಅಂದು ಕಳ್ಳಿಯ ಕಡೆ ನೋಡಿದಳು. ಉಳಿದದ್ದನ್ನು ಮುನಿತಾಯಮ್ಮನೇ ಹೇಳಿದಳು. ಮಾರನೇ ದಿನ ಮಚ್ಚು ಹಿಡಿದು ನಿಂತಳು. ಕಳ್ಳಿಹಾಲು ಸಿಡಿದು ಎರಡು ಅಂಗೈಯೂ ಬೊಬ್ಬೆ ಎದ್ದವು. ಅಂಜನಮ್ಮ ಓಡಿ ಬಂದು, ಎದುರಿಗೆ ಕೂತು, ಬೆರಳು ಬೆರಳಿಗೂ ಬೆಣ್ಣೆ ಹಚ್ಚಿದಳು. ಮದುವೆ ಮುಗಿದ ಮೇಲೆ ಹೊಸ ಕಳ್ಳಿ ನೆಡುತ್ತೇನೆ ಅಂದಾಗ, “ನಮ್ಮಿಬ್ಬರ ಮಧ್ಯೆ ಬೇಲಿ ಯಾಕಕ್ಕಾ, ಬಿಡು” ಅಂದಳು. ಆ ಮಾತನ್ನು ಮುನಿತಾಯಮ್ಮ ನಲ್ಲಿಯ ಹತ್ತಿರ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ್ದಳು.

ಈಗ ಗೂಟವನ್ನು ನೋಡಿ ಅವಳಿಗೆ ದಿಗಿಲಾಯಿತು. “ಇದೇನ್ ಸ್ವಾಮಿ, ಗೂಟ ಇಲ್ಲಿಗ್ ಬಂತು? ಹಿಂದೆ ಮೋರಿ, ಪಕ್ಕ ಮನೆಗೋಡೆ. ನಮ್ ಎಮ್ಮೆ ಆಚೆ ಹೆಂಗ್ ಬತ್ತವೆ?”

ಓವರ್‌ಸಿಯರ್ ಕೆಟ್ಟವನೇನಲ್ಲ. ಟೋಪಿ ತೆಗೆದು ಬೆವರು ಒರೆಸಿಕೊಂಡ. “ನಕ್ಷೇಲಿ ಗೆರೆ ಇಲ್ಲೇ ಇರೋದಮ್ಮ. ಆದ್ರೆ ಹಳೇ ಬೇಲಿ ನಿಂತಿದ್ರೆ ಅದೇ ಗಡಿ, ಯಾರೂ ಮುಟ್ಟೋ ಹಾಗಿಲ್ಲ ಅಂತ ರೂಲಿದೆ. ಬೇಲಿ ಇಲ್ದಿದ್ರೆ ನಕ್ಷೆ ಹೇಳಿದ್ದೇ ಸರಿ. ಶಿವರಾತ್ರೀಲಿ ಬಂದಾಗ ಈ ಗುಮಾಸ್ತರಿಗೆ ಅದನ್ನೇ ಹೇಳಿ ಹೋಗಿದ್ದೆ. ಆ ಕಳ್ಳಿ ಇರೋವರೆಗೂ ನಿಮಗೆ ಲೈಸೆನ್ಸ್ ಕೊಡೋಕಾಗಲ್ಲ ಅಂತ. ಅಮ್ಮಾವ್ರೇ ಕಾಫಿ ಕೊಟ್ರು” ಎಂದು ಜಗಲಿಯ ಪಕ್ಕ ನಿಂತಿದ್ದ ಅಂಜನಮ್ಮನ ಕಡೆ ಕೈ ತೋರಿಸಿದ.

ಶಿವರಾತ್ರಿಗೆ ಮುನಿತಾಯಮ್ಮ ಲಗ್ಗೆರೆಯ ತಂಗಿ ಮನೆಗೆ ಹೋಗಿದ್ದಳು. ಶಿವರಾತ್ರಿ ಕಳೆದ ಮೇಲಲ್ಲವೇ ಯುಗಾದಿ? ಲೆಕ್ಕ ಬಾರದವಳಿಗೂ ಈ ಲೆಕ್ಕ ತಿಳಿಯಿತು. ಬೇಲಿಯೇ ಎದ್ದು ಹೊಲ ಮೇದ ಗಾದೆ ಊರಿಗೆಲ್ಲ ಗೊತ್ತು. ಬೇಲಿಯನ್ನೇ ತೆಗೆಸಿ ಮೇದವರಿಗೆ ಇನ್ನೂ ಯಾರೂ ಗಾದೆ ಕಟ್ಟಿಲ್ಲ.

“ಅಂಜನಾ, ನಿಂಗ್ ಗೊತ್ತಿತ್ತಾ?”

ಅಂಜನಮ್ಮ ಸೆರಗಿನ ತುದಿ ಹಿಡಿದು ನೆಲ ನೋಡಿದಳು. ಜಗಲಿಯ ಮೇಲಿದ್ದ ಗಂಗಾಧರಯ್ಯನವರು ಪೇಪರು ತಗ್ಗಿಸಿ, “ಕಾನೂನು ಹಾಗಿದೆ, ನಾವೇನ್ ಮಾಡೋಕಾಗುತ್ತೆ ಮುನಿತಾಯಮ್ನೋರೆ? ಬಾಡಿಗೆಗೆ ಅಂತ ಒಂದು ರೂಮು ಕಟ್ಟಿಸ್ಬೇಕು. ಪಕ್ಕದಲ್ಲಿ ಜಾಗ ತೋರಿಸದೆ ಪ್ಲಾನು ಪಾಸಾಗಲ್ಲ” ಎಂದರು. ಹೆಂಡತಿಗಿಂತ ಅವರೇ ವಾಸಿ, ಮುಖ ನೋಡಿಯಾದರೂ ಮಾತಾಡಿದರು.

“ಮದ್ವೆ ಸುಳ್ಳಲ್ಲ ಕಣಕ್ಕಾ” ಎಂದಳು ಅಂಜನಮ್ಮ, ಕೇಳಿಸಿಯೂ ಕೇಳಿಸದ ಹಾಗೆ.

“ಮದ್ವೆ ಸುಳ್ಳಲ್ಲ ಕಣವ್ವ. ನನ್ ಕೈಗೆ ಬೆಣ್ಣೆ ಹಚ್ಚಿದ್ಯಲ್ಲ, ಅದು?”

ಅಂಜನಮ್ಮ ಒಳಗೆ ಹೋದಳು. ಮುನಿತಾಯಮ್ಮನಿಗೆ ಎಮ್ಮೆ ಹೋಗುವುದು ಒಂದು ಸಂಕಟ; ತನ್ನ ಕೈಯಲ್ಲೇ ಮಚ್ಚು ಹಿಡಿಸಿದರಲ್ಲ, ಆ ಸಂಕಟ ಬೇರೆ.

ಓವರ್‌ಸಿಯರ್ ದನಿ ತಗ್ಗಿಸಿದ. “ಪಕ್ಕದೋರು ಕಡಿದ್ರು ಅಂತ ಒಂದು ಮಾತು ಅಂದಿದ್ರೆ ನಾನು ಅಳತೇನ ಹಳೇ ಬೇಲಿ ಹತ್ರಾನೇ ನಿಲ್ಲಿಸ್ತಿದ್ದೆ. ಈಗ್ಲಾದ್ರೂ ಯೋಚ್ನೆ ಮಾಡಿ ಹೇಳಿ. ಕಡಿದೋರು ಯಾರು?”

ಜಗಲಿಯ ಮೇಲೆ ಪೇಪರಿನ ಸದ್ದು ನಿಂತಿತು. ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಪ್ರಭಾಳ ಧಾರೆಗೆಂದು ಕಡಿದ ಬೇಲಿ ಅದು. ಅದನ್ನು ಇನ್ನೊಬ್ಬರು ಕಡಿದರು ಅನ್ನಲು ಅವಳಿಗೆ ಮನಸ್ಸು ಬರಲಿಲ್ಲ.

“ನಾನೇ ಸ್ವಾಮಿ” ಎಂದಳು.

ಗಂಗಾಧರಯ್ಯನವರು ಗೂಟದ ಸಾಲಿಗೆ ಮುಳ್ಳುತಂತಿ ಬಿಗಿಯುವ ಮೊದಲೇ ಎರಡು ಎಮ್ಮೆಗಳನ್ನೂ ಲಗ್ಗೆರೆಯ ಹಾಲಿನವನೊಬ್ಬನಿಗೆ ಮಾರಿಬಿಟ್ಟಳು. ಆಮೇಲಾಗಿದ್ದರೆ ಅವುಗಳನ್ನು ಆಚೆ ತರಲು ಕೊಟ್ಟಿಗೆಯ ಗೋಡೆಯನ್ನೇ ಒಡೆಯಬೇಕಿತ್ತು.

ಆಷಾಢಕ್ಕೆ ಪ್ರಭಾ ತವರಿಗೆ ಬಂದಳು. ಅಂದು ಬೆಳಿಗ್ಗೆ ಮುನಿತಾಯಮ್ಮ ಚೊಂಬು ಹಿಡಿದು ಪಕ್ಕದ ಬೀದಿಗೆ ಹೋಗಿ, ಹುಟ್ಟಿದ ಮೇಲೆ ಮೊದಲ ಸಲ ಹಾಲು ಕೊಂಡು ತಂದು ಕಾಸಿಟ್ಟಳು. ಮಧ್ಯಾಹ್ನ ಹೊಸ ಬಳೆಯ ಸದ್ದು ತಂತಿಯ ತನಕ ಬಂದು ನಿಂತಿತು.

“ದೊಡ್ಡಮ್ಮಾ! ಇದೇನಿದು ಮುಳ್ಳುತಂತಿ? ಎಮ್ಮೆ ಎಲ್ಲಿ?”

“ಏನೋ ಕಾನೂನಂತೆ ಮಗಾ. ಬೀದಿ ಬಳಸ್ಕಂಡ್ ಬಾ, ಹಾಲ್ ಕಾಸಿಟ್ಟಿವ್ನಿ.”

“ಬಂದೆ ಇರು, ಚಪ್ಪಲಿ ಹಾಕ್ಕೊಂಡ್ ಬರ್ತೀನಿ” ಎಂದು ಹುಡುಗಿ ಒಳಗೆ ಓಡಿದಳು. ಒಳಗಿನಿಂದ ಅಂಜನಮ್ಮನ ದನಿ ಕೇಳಿತು. ಮಾತು ತಿಳಿಯಲಿಲ್ಲ, ಬಹಳ ಹೊತ್ತು ಕೇಳುತ್ತಲೇ ಇತ್ತು. ಮುನಿತಾಯಮ್ಮ ಬೀದಿ ಬಾಗಿಲು ತೆರೆದು ಹೊಸ್ತಿಲಲ್ಲಿ ಕಾದಳು. ಹಾಲು ಆರಿತೆಂದು ಎದ್ದುಹೋಗಿ ಮತ್ತೆ ಬಿಸಿ ಮಾಡಿದಳು.

ಕಡೆಗೆ ಬಳೆಯ ಸದ್ದು ಬಂದದ್ದು ತಂತಿಯ ಕಡೆಯಿಂದಲೇ. ಪ್ರಭಾ ಸೆರಗಿನ ತುದಿ ಹಿಡಿದು ನೆಲ ನೋಡುತ್ತಿದ್ದಳು, ಥೇಟ್ ತಾಯಿಯ ಹಾಗೆ.

“ನಾಳೆ ಬರ್ತೀನಿ ದೊಡ್ಡಮ್ಮ.”

“ಆಗ್ಲಿ ಮಗಾ.”

ಮುನಿತಾಯಮ್ಮ ಬೀದಿ ಬಾಗಿಲು ಹಾಕಿ ಒಲೆಯ ಮುಂದೆ ಕೂತಳು. ಲೋಟಕ್ಕೆ ಬಗ್ಗಿಸಿಟ್ಟ ಹಾಲನ್ನು ಬೆಳಕಿಗೆ ಹಿಡಿದು ನೋಡಿದಳು. ಕೊಂಡ ಹಾಲು, ಕೆನೆಯೂ ಸರಿಯಾಗಿ ಕಟ್ಟಿರಲಿಲ್ಲ.