ಎರವಲು ಕಣ್ಣು

ನಮ್ಮ ಸ್ಟುಡಿಯೋ ಯಜಮಾನರು ತಮ್ಮನ್ನು ಫೋಟೊ ಡಾಕ್ಟರ್ ಎಂದು ಕರೆದುಕೊಳ್ಳುತ್ತಾರೆ. ಬೀದಿಯವರು ಸುಣ್ಣದಣ್ಣ ಎನ್ನುತ್ತಾರೆ. ನನಗೆ ಬೀದಿಯವರ ಮಾತೇ ಸರಿ ಅನಿಸುತ್ತದೆ. ಯಾರ ಮುಖ ಕೈಗೆ ಸಿಕ್ಕರೂ ಮೊದಲು ಬಿಳಿ ಬಳಿಯುತ್ತಾರೆ, ಆಮೇಲೆ ಸುಕ್ಕು ತೀಡುತ್ತಾರೆ, ಮಚ್ಚೆ ಅಳಿಸುತ್ತಾರೆ. ಕೊನೆಗೆ ಮುದುಕ ಮುದುಕಿಯರೆಲ್ಲ ಸಿಪ್ಪೆ ಸುಲಿದ ಬೇಯಿಸಿದ ಮೊಟ್ಟೆಯ ಹಾಗೆ ಹೊಳೆಯುತ್ತ ಚೌಕಟ್ಟಿನೊಳಗೆ ಕೂರುತ್ತಾರೆ.

ಇದಕ್ಕೆಲ್ಲ ಅವರು ಬಳಸುವುದು ಕಡಿಮೆ ಬೆಲೆಗೆ ಕೊಂಡ ಒಂದು ಸಾಫ್ಟ್‌ವೇರ್. ಅದನ್ನು ದೂರುವುದು ಅನ್ಯಾಯ. ಕತ್ತರಿಸು ಎಂದರೆ ಕತ್ತರಿಸುತ್ತದೆ, ಬೆಳಕು ಕೊಡು ಎಂದರೆ ಕೊಡುತ್ತದೆ, ಸಾಕು ಎಂದರೆ ನಿಲ್ಲುತ್ತದೆ. ಸಾಕು ಎನ್ನುವುದು ಯಜಮಾನರಿಗೆ ಗೊತ್ತಿಲ್ಲ, ಅಷ್ಟೇ. ‘ದೇವರು ಅವಸರದಲ್ಲಿ ಮಾಡಿದ್ದನ್ನ ನಾನು ನಿಧಾನವಾಗಿ ಸರಿಮಾಡ್ತೀನಿ’ ಎಂದು ಗಿರಾಕಿಗಳೆದುರು ಹೇಳುತ್ತಾರೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವರ ಐಶ್ವರ್ಯ ಒಂದು ಮೌಸು.

ಫೋಟೊ ತಿದ್ದುವುದು ಕಲಿಯಲು ಹೋಗುತ್ತಿದ್ದ ಸಂಜೆ ತರಗತಿಯಲ್ಲಿ ನಮಗೆ ಮೊದಲ ದಿನವೇ ಹೇಳಿಕೊಟ್ಟದ್ದು ಒಂದು ಮಾತು: ಮೂಲ ಚಿತ್ರ ಮುಟ್ಟಬೇಡ, ಪ್ರತಿ ಮಾಡಿಕೊಂಡು ಅದರ ಮೇಲೆ ಕೆಲಸ ಮಾಡು. ಇಲ್ಲಿ ಕೆಲಸಕ್ಕೆ ಸೇರಿದಾಗ ಅದನ್ನು ಹೇಳಿ ನೋಡಿದೆ. ಹೇಳುವ ಮುಂಚೆ ಎರಡು ಸಲ ಗಂಟಲು ಸರಿಮಾಡಿಕೊಂಡಿದ್ದೆ.

‘ಪ್ರತಿ ಯಾಕಮ್ಮ? ತಪ್ಪು ಮಾಡೋರಿಗೆ ಬೇಕು ಪ್ರತಿ’ ಎಂದರು. ನಾನು ಪ್ರಿಂಟರಿಗೆ ಕಾಗದ ತುಂಬಲು ಹೋದೆ.

ಫೋಟೊದಲ್ಲಿ ಯಾರಾದರೂ ಕಣ್ಣು ಮುಚ್ಚಿದ್ದರೆ ಯಜಮಾನರಿಗೆ ಹಬ್ಬ. ಅವರ ಕಂಪ್ಯೂಟರಿನಲ್ಲಿ ‘ಒಳ್ಳೆ ಕಣ್ಣು’ ಎಂಬ ಫೋಲ್ಡರ್ ಇದೆ. ಅದರೊಳಗೆ ಇರುವುದು ಒಂದೇ ಜೊತೆ ಕಣ್ಣು. ದೊಡ್ಡವು, ದುರುಗುಟ್ಟುವವು. ಅವನ್ನು ಕತ್ತರಿಸಿ ಅಂಟಿಸಿ, ಅಂಚು ಮಸುಕು ಮಾಡಿ, ಸೇವ್ ಒತ್ತಿದರೆ ಚಿಕಿತ್ಸೆ ಮುಗಿಯಿತು. ನಿವೃತ್ತ ಪೋಸ್ಟ್‌ಮ್ಯಾನಿಗೂ ಅದೇ ಕಣ್ಣು, ಬೇಕರಿಯವನ ಅಜ್ಜಿಗೂ ಅದೇ ಕಣ್ಣು. ಯಾರ ಕಣ್ಣೆಂದು ಕೇಳುವ ಧೈರ್ಯ ನನಗಾಗಿರಲಿಲ್ಲ.

ಎದುರು ಅಂಗಡಿಯ ದರ್ಜಿ ತೀರಿಹೋದ ಹೆಂಡತಿಯ ಫೋನು ತಂದುಕೊಟ್ಟದ್ದು ಒಂದು ಸೋಮವಾರ. ಫೋಟೊ ಎಂದರೆ ಓಡಿಹೋಗುತ್ತಿದ್ದ ಹೆಂಗಸಂತೆ ಅವರು. ಫೋನಿನಲ್ಲಿ ಆಕೆಯ ಚಿತ್ರ ಇದ್ದದ್ದು ಒಂದೇ, ದರ್ಜಿ ಅಂಗಡಿಯ ಬಾಗಿಲಲ್ಲಿ ಯಾರೋ ತೆಗೆದದ್ದು. ಅದನ್ನು ದೊಡ್ಡದು ಮಾಡಿ ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಹಾಕಬೇಕೆಂದು ದರ್ಜಿಯ ಆಸೆ. ಯಜಮಾನರು ಫೋನಿಗೆ ತಂತಿ ಸಿಕ್ಕಿಸಿ, ಅದರೊಳಗಿನ ಚಿತ್ರವನ್ನೇ ತೆರೆದು, ಬಿಳಿ ಬಳಿದು, ಕಣ್ಣು ಅಂಟಿಸಿ, ಅದರ ಮೇಲೆಯೇ ಸೇವ್ ಒತ್ತಿದರು. ನಾನು ಒಳಗಿನ ಕೋಣೆಯಲ್ಲಿ ಚೌಕಟ್ಟಿಗೆ ಗಾಜು ಒರೆಸುತ್ತಿದ್ದೆ.

ಮರುದಿನ ದರ್ಜಿ ಚಿತ್ರವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

‘ಇವಳು ಯಾರು?’

‘ನಿಮ್ಮ ಮನೆಯವರೇ ಅಲ್ವಾ! ಕಣ್ಣು ಮುಚ್ಕೊಂಡಿದ್ರು, ತೆರೆಸಿದೀನಿ. ಹತ್ತು ವರ್ಷ ಚಿಕ್ಕೋರಾಗಿ ಕಾಣ್ತಾರೆ.’

‘ಅವಳು ನಗೋವಾಗ ಯಾವತ್ತಪ್ಪ ಕಣ್ಣು ತೆರ್ದಿದ್ಲು? ನಕ್ಕರೆ ಕಣ್ಣು ಮುಚ್ಚೇ ಹೋಗೋದು. ಇವಳು ಬಾಯಲ್ಲಿ ನಗ್ತಾಳೆ, ಕಣ್ಣಲ್ಲಿ ನನ್ನನ್ನ ಬೈತಾಳೆ. ವಾಪಸ್ ಮೊದಲಿನ ಹಾಗೇ ಮಾಡಿ.’

‘ಸೇವ್ ಆಗೋಯ್ತು ಕಣ್ರೀ.’

‘ಹೊಲಿಗೆ ಬಿಚ್ಚೋ ಹಾಗೆ ಬಿಚ್ಚಿ.’

‘ಇದು ಚಡ್ಡಿ ಅಲ್ಲ, ಬಿಚ್ಚೋಕೆ.’

‘ಚಡ್ಡಿ ಹೊಲಿಯೋನೂ ಒಳಗಡೆ ಎರಡು ಬೆರಳು ಬಟ್ಟೆ ಬಿಟ್ಟಿರ್ತಾನೆ ಸ್ವಾಮಿ, ನಾಳೆ ಬೇಕಾಗುತ್ತೆ ಅಂತ. ನೀವು ಏನೂ ಬಿಟ್ಟಿಲ್ವಾ?’

ಕುಣಿಯಲಾರದವಳಿಗೆ ನೆಲ ಡೊಂಕು. ‘ಫೋನೇ ಸರಿಯಿಲ್ಲ’ ಎಂದು ಯಜಮಾನರು ಗೊಣಗಿದರು. ನಾನು ಫೋನು ತೆಗೆದುಕೊಂಡು ಎಲ್ಲ ಕಡೆ ಹುಡುಕಿದೆ, ಅಳಿಸಿದ ಚಿತ್ರಗಳಲ್ಲಿ ನೋಡಿದೆ, ನಾನೇ ಎಲ್ಲೋ ಕಾಣದೆ ಬಿಟ್ಟೆನೇನೋ ಎಂದು ಮತ್ತೆ ಮೊದಲಿನಿಂದ ನೋಡಿದೆ. ಮೂಲ ಚಿತ್ರ ಇರಲಿಲ್ಲ. ದರ್ಜಿ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಅಳಲಿಲ್ಲ. ಕುತ್ತಿಗೆಗೆ ಹಾಕಿಕೊಂಡಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

ಆ ಹೊತ್ತಿಗೆ ಯಜಮಾನರ ಹೆಂಡತಿ ಊಟದ ಡಬ್ಬಿ ಹಿಡಿದು ಒಳಗೆ ಬಂದರು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಮೇಜಿನ ಮೇಲಿನ ಚಿತ್ರ ನೋಡಿದವರೇ ಡಬ್ಬಿಯನ್ನು ಕುಕ್ಕಿದರು.

‘ರೀ, ಇದು ನನ್ನ ಕಣ್ಣಲ್ವಾ?’

ಯಜಮಾನರು ಪರದೆಯ ಕಡೆ ತಿರುಗಿದರು.

‘ನಮ್ಮ ಮದುವೆ ಫೋಟೊದ್ದು! ಅವತ್ತು ನಿಮ್ಮ ಅಮ್ಮ ಏನೋ ಅಂದ್ರು ಅಂತ ಗುರಾಯಿಸಿದ್ದೆ ನೋಡಿ, ಅದೇ ಕಣ್ಣು. ಅಯ್ಯೋ, ಬೇಕರಿ ಗೋಡೆ ಮೇಲಿನ ಅಜ್ಜಿ ನನ್ನನ್ನ ಯಾಕೆ ಹಾಗೆ ನೋಡ್ತಾಳೆ ಅಂದ್ಕೋತಿದ್ದೆ. ನಾನೇ ನನ್ನನ್ನ ಗುರಾಯಿಸ್ತಿದ್ನಾ!’

‘ಫ್ರೀಯಾಗಿ ಸಿಕ್ಕಿತ್ತು, ಹಾಕ್ದೆ’ ಎಂದರು ಫೋಟೊ ಡಾಕ್ಟರ್.

ಅಕ್ಕ ಅವರನ್ನು ಬಿಟ್ಟು ದರ್ಜಿಯ ಕಡೆ ತಿರುಗಿದರು. ‘ಅಣ್ಣ, ಈ ಫೋಟೊ ತೆಗೆದದ್ದು ನಾನೇ. ನಿಮ್ಮ ಮನೆಯವರ ಫೋನಲ್ಲಿ ಒಂದು ತೆಗ್ದೆ, ನನ್ನ ಫೋನಲ್ಲೂ ಒಂದು. ಇವರ ಕೈಗೆ ಮಾತ್ರ ಕೊಟ್ಟಿಲ್ಲ. ಕೊಟ್ಟಿದ್ರೆ ಅದೂ ಗೋಡೆ ಸುಣ್ಣ ಆಗೋದು.’

ಫೋನು ತೆರೆದು ಹಿಡಿದರು. ದರ್ಜಿ ಹತ್ತಿರ ಹೋಗಿ, ಕನ್ನಡಕ ಹಣೆಗೆ ಏರಿಸಿ ನೋಡಿದರು. ಚಿತ್ರ ಸ್ವಲ್ಪ ಓರೆ, ಒಂದು ಭುಜ ಹೊರಗೆ ಹೋಗಿತ್ತು. ಎರಡೂ ಕಣ್ಣು ಗೆರೆಯಾಗಿದ್ದವು, ಗಲ್ಲದ ಮಚ್ಚೆ ಇದ್ದಲ್ಲೇ ಇತ್ತು.

‘ಹ್ಞೂಂ’ ಎಂದರು. ‘ಏನಕ್ಕೆ ನಗ್ತಿದ್ಲು?’

ಅಕ್ಕ ಸಂಕೋಚಪಟ್ಟರು. ‘ನೀವು ಹೊಲಿದ ಅಂಗಿ ಹಾಕ್ಕೊಂಡು ಬಂದಿದ್ದೆ ಅವತ್ತು. ನಾನು ನಕ್ಕರೆ ಗುಂಡಿ ಹಾರಿ ನಿನ್ನ ಕಣ್ಣಿಗೆ ಬೀಳುತ್ತೆ ಕಣೇ, ಮುಚ್ಕೋ ಅಂದೆ.’

‘ಅಷ್ಟು ಬಿಗಿ ಹೊಲ್ದಿದ್ನಾ?’

‘ಬಿಡಿ ಅಣ್ಣ, ನಾನೂ ದಪ್ಪ ಆಗಿದ್ದೆ.’

ದರ್ಜಿ ನಕ್ಕರು, ಆಮೇಲೆ ಟೇಪಿನ ತುದಿಯಿಂದಲೇ ಮೂಗು ಒರೆಸಿಕೊಂಡರು.

ನಾನು ಮೊದಲು ಪ್ರತಿ ಮಾಡಿಕೊಂಡೆ. ಓರೆಯನ್ನು ನೇರ ಮಾಡಿದೆ, ತುಸು ಬೆಳಕು ಕೊಟ್ಟೆ, ಕೈ ತೆಗೆದೆ. ದೊಡ್ಡದಾಗಿ ಮುದ್ರಿಸಿದಾಗ ಕೊಂಚ ಮಸುಕಾಗಿ ಬಂತು. ಇನ್ನೂ ಚೆನ್ನಾಗಿ ಮಾಡಬಹುದಿತ್ತೇನೋ ಎಂದು ಈಗಲೂ ಅನಿಸುತ್ತದೆ. ಯಜಮಾನರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, ‘ಮಚ್ಚೆನಾದ್ರೂ ತೆಗೀಬಾರ್ದಾ?’ ಎಂದರು. ನಾನು ಚಿತ್ರವನ್ನು ಚೌಕಟ್ಟಿಗೆ ಹಾಕಿದೆ.

ಈಗ ಎದುರು ಅಂಗಡಿಯ ಗೋಡೆಯಲ್ಲಿ ಆಕೆ ಕಣ್ಣು ಮುಚ್ಚಿಕೊಂಡು ನಗುತ್ತಾರೆ. ನಮ್ಮ ಬಾಗಿಲಿಂದ ಚೆನ್ನಾಗಿ ಕಾಣುತ್ತದೆ. ಹೊಸ ಗಿರಾಕಿ ಬಂದಾಗಲೆಲ್ಲ ಯಜಮಾನರು ಅತ್ತ ಬೆರಳು ಮಾಡುತ್ತಾರೆ.

‘ನೋಡಿ ಅಲ್ಲಿ. ನನ್ನ ಹತ್ರ ಸರಿ ಮಾಡಿಸ್ಕೊಳ್ದೆ ಹೋದ್ರೆ ಹಾಗಾಗುತ್ತೆ.’